ಹಿಂದೆ ನಿಂತು ಆಡಿದ ಲಾಡಪ್ಪ

ಹದಿನೆಂಟು ವರ್ಷ ಒಂದೇ ಕಟ್ಟಡದಲ್ಲಿದ್ದ ನನ್ನ ಹಲ್ಲಿನ ಕ್ಲಿನಿಕ್ಕನ್ನು ಈಚೆಗೆ ನ್ಯೂಜೆರ್ಸಿಯ ಮಾರಿಸ್‌ಟೌನಿನ ರೈಲ್ವೆ ಸ್ಟೇಷನ್ನಿನ ಹತ್ತಿರಕ್ಕೆ ಸಾಗಿಸಬೇಕಾಯಿತು. ಮನೆ ಖಾಲಿ ಮಾಡುವವರಿಗೆ ಅಟ್ಟದ ಮೇಲೆ ಹಳೆಯ ಪಾತ್ರೆ, ಹರಿದ ಚಾಪೆ ಸಿಗುತ್ತವೆ. ಹಲ್ಲಿನ ಡಾಕ್ಟರ ಕಪಾಟಿನಲ್ಲಿ ಸಿಗುವುದು ಊರವರ ದವಡೆಗಳು. ಅಳತೆ ತೆಗೆದು, ಪ್ಲಾಸ್ಟರಿನಲ್ಲಿ ಎರೆದು, ತಳದಲ್ಲಿ ಪೆನ್ಸಿಲಿನಿಂದ ಹೆಸರು ಬರೆದಿಟ್ಟ ಬಿಳಿ ದವಡೆಗಳು. ಕೆಲವು ವರ್ಷ ಇಟ್ಟುಕೊಂಡು ಆಮೇಲೆ ಎಸೆಯಬಹುದು. ನನಗೆ ಎಸೆಯಲು ಕೈ ಬರುವುದಿಲ್ಲ. ನನ್ನ ಗಂಡ ಮಂಜು ಇದನ್ನು ಜಿಪುಣತನ ಎನ್ನುತ್ತಾರೆ, ನಾನು ವಿಶ್ವಾಸ ಎನ್ನುತ್ತೇನೆ.

ಅವತ್ತು ಕಸದ ಚೀಲ ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದಾಗ ಕೈಗೆ ಒಂದು ಮೇಲ್ದವಡೆ ಬಂತು. ಮುಂಭಾಗದ ನಾಲ್ಕು ಹಲ್ಲಿನ ಜಾಗ ಖಾಲಿ. ತಳದಲ್ಲಿ ನನ್ನ ಕೈಬರಹದಲ್ಲಿ ಇಂಗ್ಲಿಷಿನಲ್ಲಿ ಲಾಯ್ಡ್ ಎಂದಿದೆ. ಅದರ ಕೆಳಗೆ ನಮ್ಮ ಅಮ್ಮನ ದುಂಡನೆಯ ಕನ್ನಡ ಅಕ್ಷರಗಳಲ್ಲಿ ‘ಲಾಡಪ್ಪ’. ಕ್ಲಿನಿಕ್ ಸಾಗಿಸುವ ಕೆಲಸ ಅಲ್ಲಿಗೆ ನಿಂತಿತು. ಇನ್ನು ನಿಮಗೂ ಹೇಳದೆ ನನಗೆ ಸಮಾಧಾನವಿಲ್ಲ.

ಲಾಯ್ಡ್ ನನ್ನ ಹತ್ತಿರ ಮೊದಲ ಸಲ ಬಂದದ್ದು ಆರು ವರ್ಷದ ಹಿಂದೆ, ಒಂದು ದವಡೆಹಲ್ಲು ಮುರಿದುಕೊಂಡು. ಅರವತ್ತರ ಆಸುಪಾಸಿನ ಆಳು. ಬಾಗಿಲು ತುಂಬುವಂಥ ಭುಜ. ನಡೆಯುವಾಗ ಎಡಗಾಲು ಮಾತ್ರ ಸ್ವಲ್ಪ ತಡವಾಗಿ ಬರುತ್ತಿತ್ತು, ಬೇರೆ ಯಾರದೋ ಕಾಲೇನೋ ಎಂಬಂತೆ. ಫಾರ್ಮಿನಲ್ಲಿ ಈಗಿನ ಕೆಲಸ ಎಂಬಲ್ಲಿ ‘ಐಸ್ ರಿಂಕ್’ ಎಂದೂ ಹಿಂದಿನ ಕೆಲಸ ಎಂಬಲ್ಲಿ ‘ಡಿಫೆನ್ಸ್’ ಎಂದೂ ಬರೆದಿದ್ದರು. ಡಿಫೆನ್ಸ್ ಎಂದರೆ ನಮ್ಮ ಕಡೆಯವರಿಗೆ ಗೊತ್ತಿರುವುದು ಒಂದೇ. ನಮ್ಮ ದೊಡ್ಡಪ್ಪನ ಮಗ ಡಿಫೆನ್ಸಿನಲ್ಲಿದ್ದ. ರಜೆಗೆ ದಾವಣಗೆರೆಗೆ ಬಂದಾಗ ಕ್ಯಾಂಟೀನಿನ ಸೋಪುಗಳನ್ನು ಕಬ್ಬಿಣದ ಟ್ರಂಕಿನಲ್ಲಿ ತುಂಬಿಕೊಂಡು ಬರುತ್ತಿದ್ದ. ಸೈನಿಕರನ್ನು ಕಂಡಾಗ ಈ ದೇಶದಲ್ಲಿ ಹೇಳುವ ಮಾತೊಂದಿದೆ. ಅದನ್ನು ನಾನೂ ಕಲಿತಿದ್ದೆ. ಕುರ್ಚಿಯನ್ನು ಹಿಂದಕ್ಕೆ ಬಾಗಿಸುತ್ತ ಗಂಭೀರವಾಗಿ, “ನಿಮ್ಮ ಸೇವೆಗೆ ಧನ್ಯವಾದ” ಎಂದೆ.

ಅವರು ಬಾಯಿ ತುಂಬ ನಕ್ಕರು. ಆಗಲೇ ನಾನು ಆ ನಾಲ್ಕು ಹಲ್ಲಿನ ಕಿಂಡಿ ನೋಡಿದ್ದು.

“ಅಷ್ಟೊಂದು ಸೇವೆ ಮಾಡಿದ ನೆನಪು ನನಗಿಲ್ಲ ಡಾಕ್ಟರ್. ನಾನು ಐಸ್ ಹಾಕಿ ಆಡ್ತಿದ್ದೆ. ಹಿಂದೆ ನಿಂತು ಆಡೋನು, ಡಿಫೆನ್ಸ್‌ಮನ್.”

ಅವರ ಇಂಗ್ಲಿಷನ್ನು ನಾನಿಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀವು ಓದುವಾಗ ಸಕಾರಗಳಿಗೆಲ್ಲ ಸ್ವಲ್ಪ ಗಾಳಿ ಬೆರೆಸಿಕೊಳ್ಳಬೇಕು. ಮುಂದಿನ ಹಲ್ಲಿಲ್ಲದ ಬಾಯಲ್ಲಿ ಸಕಾರ ನಿಲ್ಲುವುದಿಲ್ಲ.

ನನಗೆ ನಾಚಿಕೆಯಾಯಿತು. ಸಮಾಧಾನಕ್ಕೆ, ನಮ್ಮ ದೇಶದ ಆಟವೂ ಹಾಕಿಯೇ ಎಂದು ಹೇಳಿದೆ. ಹೇಳಿದ ಮೇಲೆ ಇನ್ನಷ್ಟು ನಾಚಿಕೆಯಾಯಿತು, ಏಕೆಂದರೆ ನಾನು ಜೀವನದಲ್ಲಿ ಒಂದೇ ಒಂದು ಹಾಕಿ ಪಂದ್ಯವನ್ನೂ ನೋಡಿದವಳಲ್ಲ. ನಮ್ಮ ಹೈಸ್ಕೂಲಿನ ಆಟದ ಸಾಮಾನಿನ ಕೋಣೆಯಲ್ಲಿ ಎರಡು ಹಾಕಿ ಕೋಲುಗಳಿದ್ದವು. ಡ್ರಿಲ್ ಮೇಷ್ಟ್ರು ಅವುಗಳಿಂದ ಹುಣಸೆಕಾಯಿ ಉದುರಿಸುತ್ತಿದ್ದರು. ಕೊಕ್ಕೆಯಂತೆ ಬಾಗಿದ ತುದಿ ಕೊಂಬೆ ಎಳೆಯುವುದಕ್ಕೇ ಇದೆಯೆಂದು ನಾವು ಬಹಳ ಕಾಲ ನಂಬಿದ್ದೆವು. ಇನ್ನು ಐಸು. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುತ್ತಿದ್ದ ತಳ್ಳುಗಾಡಿಯಲ್ಲಿ ಗೋಣಿಚೀಲ ಹೊದ್ದು, ಮರದ ಹೊಟ್ಟು ಮೆತ್ತಿಕೊಂಡು ಒಂದು ಐಸುಗಡ್ಡೆ ಮಲಗಿರುತ್ತಿತ್ತು. ಗಾಡಿಯವನು ಅದನ್ನು ಹೆರೆದು, ಕಡ್ಡಿಗೆ ಒತ್ತಿ, ಕೆಂಪು ಬಣ್ಣ ಸುರಿದು ಕೊಡುತ್ತಿದ್ದ. ಬೇಗ ಚೀಪದಿದ್ದರೆ ಮೊಣಕೈಯಿಂದ ಇಳಿದು ಹೋಗುವ ಪದಾರ್ಥ ಅದು. ಅದರ ಮೇಲೆ ಮನುಷ್ಯರು ನಿಂತು, ಓಡಿ, ಬಡಿದಾಡಿ ಹೊಟ್ಟೆ ಹೊರೆಯುತ್ತಾರೆ ಎಂದರೆ ನಾನು ಹೇಗೆ ನಂಬಲಿ?

ಮುರಿದ ಹಲ್ಲಿಗೆ ಐದು ಸಲ ಬರಬೇಕಾಯಿತು. ಆ ಐದು ಭೇಟಿಗಳಲ್ಲಿ ನಾನು ಲಾಯ್ಡ್‌ರ ವೃತ್ತಿಜೀವನವನ್ನು ಪೂರ್ತಿ ಕೇಳಿಸಿಕೊಂಡೆ. ಬಾಯಲ್ಲಿ ಕನ್ನಡಿ, ಹತ್ತಿ, ಎರಡು ಕೊಳವೆ ತುರುಕಿ ಆದಮೇಲೆಯೇ ಪ್ರಶ್ನೆ ಕೇಳುವ ಕೆಟ್ಟ ಚಾಳಿ ನಮ್ಮ ಕಸುಬಿನವರಿಗಿದೆ. ಲಾಯ್ಡ್ ಅದಕ್ಕೂ ಹೊಂದಿಕೊಂಡರು. ಪ್ರಶ್ನೆ ಕೇಳಿದಾಗ ಬೆರಳೆತ್ತಿ ‘ತಡಿ’ ಎನ್ನುವರು, ಕೊಳವೆ ತೆಗೆದ ಕೂಡಲೇ ಉತ್ತರ ಹೇಳುವರು.

ಅವರ ಊರು ಕೆನಡಾದ ಬಯಲುಸೀಮೆ. ತಂದೆಗೆ ಗೋಧಿ ಗೋದಾಮಿನಲ್ಲಿ ಕೆಲಸ. ನವೆಂಬರ್ ಬಂತೆಂದರೆ ಅಪ್ಪ ಹಿತ್ತಲಿಗೆ ಹೋಸ್ ಪೈಪಿನಲ್ಲಿ ನೀರು ಬಿಡುತ್ತಿದ್ದರಂತೆ. ಬೆಳಗಾಗುವಷ್ಟರಲ್ಲಿ ಅದು ಗಟ್ಟಿಯಾಗಿ ಮಾರ್ಚ್‌ವರೆಗೂ ಅಂಗಳವಾಗುತ್ತಿತ್ತು. ಮೂವರು ಅಣ್ಣಂದಿರಿಗೆ ಗೋಲು ಹೊಡೆಯುವ ಹುಚ್ಚು. ಕೊನೆಯವರಾದ ಲಾಯ್ಡ್‌ರಿಗೆ ಉಳಿದ ಕೆಲಸ ತಡೆಯುವುದು. ಹದಿನಾರಕ್ಕೆ ಮನೆ ಬಿಟ್ಟು ಬೇರೆ ಊರಿನಲ್ಲಿ ಅಪರಿಚಿತರ ಮನೆಯಲ್ಲಿ ಉಳಿದು ಆಡಿದರು. ಹದಿನೇಳಕ್ಕೆ ಮೊದಲ ಹಲ್ಲು ಹೋಯಿತು. ಅಮ್ಮನಿಗೆ ಫೋನ್ ಮಾಡಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಹಾಲುಹಲ್ಲೋ, ಗಟ್ಟಿಹಲ್ಲೋ?

“ಹದಿನೇಳು ವರ್ಷದವನಿಗೆ,” ಎಂದು ಲಾಯ್ಡ್ ನಕ್ಕರು. “ಪಾಪ, ನಾನು ಇನ್ನೂ ಚಿಕ್ಕವನು ಅಂತಲೇ ಅವಳ ಲೆಕ್ಕ.”

ಡಿಫೆನ್ಸ್‌ಮನ್ ಎಂದರೇನೆಂದು ಅವರು ನನಗೆ ತಿಳಿಸಿದ್ದು ನನ್ನದೇ ಟ್ರೇಯ ಮೇಲೆ. ಉದ್ದನೆಯ ಮೂರು ಉಪಕರಣಗಳನ್ನು ಮುಂದಿಟ್ಟು, ಇವರು ಗೋಲು ಹೊಡೆಯುವವರು ಎಂದರು. ಹಿಂದೆ ನೀರಿನ ಲೋಟ, ಅದು ಗೋಲ್‌ಕೀಪರ್. ನಡುವೆ ಎರಡು ಹತ್ತಿಯ ಉಂಡೆಗಳನ್ನಿಟ್ಟರು. “ನಾನು ಈ ಎಡಗಡೆಯ ಹತ್ತಿ” ಎಂದರು. ಎದುರಾಳಿ ನುಗ್ಗಿ ಬಂದಾಗ ಈ ಹತ್ತಿ ಅಡ್ಡ ಬರಬೇಕು. ರಬ್ಬರಿನ ಆ ಕರಿ ಬಿಲ್ಲೆ, ಪಕ್ ಎನ್ನುತ್ತಾರೆ, ಕಲ್ಲಿನಂತೆ ಹಾರಿ ಬಂದರೆ ಕಾಲೋ ಎದೆಯೋ ಯಾವುದಾದರೂ ಒಂದು ಅಡ್ಡ ಕೊಡಬೇಕು. ಕೆಲವೊಮ್ಮೆ ಮುಖ.

ಎಂಟು ವರ್ಷ ಅವರು ಚಿಕ್ಕ ಲೀಗುಗಳಲ್ಲಿ ಬಸ್ಸಿನಲ್ಲಿ ಊರೂರು ಅಲೆದರು. ಮೇಲಿನ ಲೀಗಿನಲ್ಲಿ ಯಾರಿಗಾದರೂ ಪೆಟ್ಟಾದರೆ ಇವರಿಗೆ ಕರೆ ಬರುತ್ತಿತ್ತು. ಸೂಟ್‌ಕೇಸು ಹಿಡಿದು ವಿಮಾನ ಹತ್ತುವರು. ಮೂರು ದಿನ ಬೆಂಚಿನ ಮೇಲೆ ಕೂತು, ಪೆಟ್ಟಾದವನು ಎದ್ದು ಬಂದನೆಂದು ವಾಪಸ್ ಬರುವರು. ಹೀಗೆ ಹೋಗಿ ಬಂದದ್ದು ಎಷ್ಟು ಸಲವೋ. ಹೆಂಡತಿ ಡೋರೀನ್ ಕೊನೆಗೆ ಸೂಟ್‌ಕೇಸಿನಿಂದ ಬಟ್ಟೆ ತೆಗೆಯುವುದನ್ನೇ ಬಿಟ್ಟರಂತೆ. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಇದೇ ಕೊನೆಯ ವರ್ಷ, ಆಮೇಲೆ ಊರಿಗೆ ಹೋಗಿ ಗೋದಾಮಿನ ಕೆಲಸ ನೋಡೋಣ ಎಂದುಕೊಂಡಿದ್ದಾಗ, ಮೇಲಿನವರು ಇವರನ್ನು ಉಳಿಸಿಕೊಂಡರು. ಅಲ್ಲಿಂದ ಆರು ಋತು ದೊಡ್ಡ ಲೀಗಿನಲ್ಲಿ ಆಡಿದರು. ಕೊನೆಯ ತಂಡ ನ್ಯೂಜೆರ್ಸಿಯದು. ಮೊಣಕಾಲು ಸೋತ ಮೇಲೆ ಇಲ್ಲಿಯೇ ಉಳಿದರು.

“ನಾನು ವೇಗದವನಲ್ಲ ಡಾಕ್ಟರ್. ಶಕ್ತಿಯೂ ಅಷ್ಟಕ್ಕಷ್ಟೆ. ನೋಡೋದು ಮಾತ್ರ ಕಲಿತೆ. ಎದುರಿನವನ ಕಣ್ಣು ನೋಡಬಾರದು, ಪಕ್ ನೋಡಬಾರದು. ಹೊಟ್ಟೆ ನೋಡಬೇಕು. ಕಣ್ಣು ಆ ಕಡೆ ಅನ್ನುತ್ತೆ, ಕೋಲು ಈ ಕಡೆ ಅನ್ನುತ್ತೆ. ಹೊಟ್ಟೆ ಮಾತ್ರ ತಾನು ಹೋಗೋ ಕಡೆಗೇ ಹೋಗುತ್ತೆ.”

ಆ ವಾರವೆಲ್ಲ ನಾನು ಮಾರಿಸ್‌ಟೌನಿನ ಪ್ಲಾಟ್‌ಫಾರ್ಮಿನಲ್ಲಿ ಜನರ ಹೊಟ್ಟೆ ನೋಡುತ್ತ ನಿಂತೆ. ನ್ಯೂಯಾರ್ಕಿನ ಕೆಲಸದಿಂದ ರೈಲಿನಲ್ಲಿ ಬರುವ ಮಂಜುವನ್ನು ಕರೆದೊಯ್ಯಲು ಹೋಗಿದ್ದವಳು, ಜನರ ನಡುವೆ ಅವರನ್ನು ಹೊಟ್ಟೆಯಿಂದಲೇ ಗುರುತು ಹಿಡಿದೆ. ಅವರಿಗೆ ಅದು ಇಷ್ಟವಾಗಲಿಲ್ಲ.

ಲಾಯ್ಡ್ ಆ ರಿಂಕಿನಲ್ಲಿ, ಎಂದರೆ ಐಸಿನ ಅಂಗಳದಲ್ಲಿ, ಮಕ್ಕಳಿಗೆ ಹಾಕಿ ಕಲಿಸುತ್ತಾರೆ ಎಂಬುದನ್ನು ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದ್ದು ನನ್ನ ತಪ್ಪು. ಮಗಳು ಇಂಚರಾಗೆ ಆಗ ಹತ್ತು ವರ್ಷ. ಭರತನಾಟ್ಯ, ಕರಾಟೆ, ಚೆಸ್ ಮೂರನ್ನೂ ಬಿಟ್ಟು ಬಂದಿದ್ದಳು. ಚಮಚ ಕೆಳಗಿಟ್ಟು, “ಮಾಮ್, ಐ ವಾಂಟ್ ಟು ಡು ದಟ್” ಎಂದಳು.

ಹಲ್ಲಿನ ಡಾಕ್ಟರ ಮಗಳು ಐಸ್ ಹಾಕಿ ಆಡುವುದು ಎಂಥದೆಂದು ನೀವೇ ಯೋಚಿಸಿ. ನಾನು ಬೇಡವೆಂದೆ. ಮಂಜು ಬೇಕೆಂದರು. ಲಾಯ್ಡ್‌ರನ್ನು ಕೇಳಿದರೆ, ಮಕ್ಕಳು ಮುಖಕ್ಕೆ ಪೂರ್ತಿ ಜಾಲರಿ ಇರುವ ಹೆಲ್ಮೆಟ್ ಹಾಕಲೇಬೇಕು, ತಮ್ಮ ಕಾಲದ ಹಾಗಲ್ಲ ಎಂದರು. ಕೊನೆಗೆ ನಾನೇ ಕೂತು ಅವಳ ಬಾಯಿಯ ಅಳತೆಗೆ ಹಲ್ಲು ಕಾಯುವ ಮೌತ್‌ಗಾರ್ಡ್ ಮಾಡಿದೆ. ಇಡೀ ಮಾರಿಸ್ ಕೌಂಟಿಯಲ್ಲಿ ಅಷ್ಟು ದಪ್ಪದ್ದು ಇನ್ನೊಂದಿರಲಿಲ್ಲ. ಹಾಕಿಕೊಂಡರೆ ಹುಡುಗಿಗೆ ಬಾಯಿ ಮುಚ್ಚಲಾಗುತ್ತಿರಲಿಲ್ಲ. ಲಾಯ್ಡ್ ಅವಳ ಹೆಸರನ್ನು ಮೊದಲ ದಿನವೇ ತುಂಡು ಮಾಡಿ ‘ಇಂಚ್’ ಎಂದು ಕರೆದರು. ತರಗತಿಯಲ್ಲೇ ಗಿಡ್ಡ ಹುಡುಗಿ. ಹೆಸರು ಅಂಟಿಕೊಂಡಿತು. ಮೂರು ವಾರದಲ್ಲಿ ಇಂಚರಾ ಮನೆಗೆ ಬಂದು, ತಾನು ಗೋಲು ಹೊಡೆಯುವವಳಲ್ಲ, ಡಿಫೆನ್ಸ್ ಎಂದಳು.

ಮರುವರ್ಷ ಸೆಪ್ಟೆಂಬರಿನಲ್ಲಿ ಅಮ್ಮ ಆರು ತಿಂಗಳಿಗೆಂದು ದಾವಣಗೆರೆಯಿಂದ ಬಂದಳು. ಶನಿವಾರ ಬೆಳಿಗ್ಗೆ ಮನೆಯಲ್ಲಿ ಒಬ್ಬಳೇ ಕೂರುವುದಿಲ್ಲವೆಂದು ಹಟ ಹಿಡಿದು ರಿಂಕಿಗೆ ಬಂದಳು. ಎರಡು ಸ್ವೆಟರು, ಮಂಗನ ಟೋಪಿ, ಅದರ ಮೇಲೆ ಶಾಲು. ಲಾಯ್ಡ್ ಬಂದು ಕೈಕುಲುಕಿ ನಕ್ಕಾಗ ಅಮ್ಮ ನನ್ನ ಕಡೆ ತಿರುಗಿದಳು.

“ಏನೇ, ಈ ಯಪ್ಪಂಗೆ ಹಲ್ಲೇ ಇಲ್ವಲ್ಲೇ. ನೀನು ಡಾಕ್ಟ್ರು ಅಂತ ಯಾಕಿದೀಯ?”

ಅಮ್ಮನಿಗೆ ಲಾಯ್ಡ್ ಎಂಬುದು ನಾಲಿಗೆಗೆ ಹತ್ತಲಿಲ್ಲ. ಎರಡನೆಯ ವಾರಕ್ಕೆ ಅವರು ಲಾಡಪ್ಪ ಆಗಿದ್ದರು. ಅಮ್ಮನ ಸ್ವಂತ ಹಲ್ಲೂ ಎಲ್ಲ ಹೋಗಿ, ನಾನೇ ಕಟ್ಟಿಕೊಟ್ಟ ಸೆಟ್ಟು ಹೆಚ್ಚಿನ ಹೊತ್ತು ಲೋಟದಲ್ಲಿರುತ್ತಿತ್ತು ಎಂಬುದು ಬೇರೆ ಮಾತು. ಪಾರ್ಸಿಪ್ಪನಿಯ ಇಂಡಿಯನ್ ಅಂಗಡಿಯಿಂದ ಮಂಡಕ್ಕಿ ತರಿಸಿ, ಒಗ್ಗರಣೆ ಹಾಕಿ, ಮೆಣಸಿನಕಾಯಿ ಬಜ್ಜಿಯ ಜೊತೆ ಸ್ಟೀಲ್ ಡಬ್ಬಿಯಲ್ಲಿ ರಿಂಕಿಗೆ ಹೊರುತ್ತಿದ್ದಳು. ಲಾಯ್ಡ್ ಬಜ್ಜಿಯನ್ನು ಬಾಯಿಯ ಪಕ್ಕಕ್ಕೆ ಒಯ್ದು, ಕಬ್ಬು ಸೀಳುವ ಹಾಗೆ ದವಡೆಹಲ್ಲಿನಿಂದ ಕಚ್ಚುತ್ತಿದ್ದರು. ಕಣ್ಣಲ್ಲಿ ನೀರು ಬಂದರೂ ಬಿಡುತ್ತಿರಲಿಲ್ಲ. ಅವರಿಗೆ ಕನ್ನಡ ಬಾರದು, ಅಮ್ಮನಿಗೆ ಇಂಗ್ಲಿಷ್ ಬಾರದು. ಅರ್ಧ ಗಂಟೆ ಮಾತಾಡಿಕೊಳ್ಳುತ್ತಿದ್ದರು.

ಅಮ್ಮನ ಕಾಟಕ್ಕೇ ಅವರು ಹಲ್ಲು ಕಟ್ಟಿಸಿಕೊಳ್ಳಲು ಒಪ್ಪಿದ್ದು. ಆ ಪ್ಲಾಸ್ಟರಿನ ದವಡೆ ಆಗಿನದು. ಅಮ್ಮ ಕ್ಲಿನಿಕ್ಕಿಗೆ ಬಂದು, ತನ್ನ ಕಣ್ಣೆದುರೇ ಹೆಸರು ಸರಿಯಾಗಿ ಬರೆಯಬೇಕೆಂದು ಪೆನ್ಸಿಲು ಕಿತ್ತುಕೊಂಡಳು. ಹಲ್ಲು ಚೆನ್ನಾಗಿಯೇ ಕೂತಿತು. ಆದರೆ ರಿಂಕಿನಲ್ಲಿ ಮಕ್ಕಳು ಅವರನ್ನು ನೋಡಿ ಬೆಚ್ಚಿದರು. “ಹಿ ಲುಕ್ಸ್ ಲೈಕ್ ಎ ಬ್ಯಾಂಕರ್” ಎಂದಳು ಇಂಚರಾ. ಸೀಟಿ ಊದಲು ಹೋದರೆ ಹಲ್ಲು ಸೀಟಿಗೆ ಅಂಟಿಕೊಂಡು ಹೊರಗೆ ಬಂತು. ಮರುವಾರದಿಂದ ಅದು ಅವರ ಕೋಟಿನ ಜೇಬಿಗೆ ಸೇರಿತು. ಅಮ್ಮ ಕಾಣಿಸಿಕೊಂಡಾಗ ಮಾತ್ರ ಬೆನ್ನು ತಿರುಗಿಸಿ ಹಾಕಿಕೊಳ್ಳುತ್ತಿದ್ದರು.

ಜನವರಿಯ ಒಂದು ಶನಿವಾರ. ಪಂದ್ಯ ಮುಗಿದಿತ್ತು. ಮಕ್ಕಳೆಲ್ಲ ಐಸಿನ ಮೇಲೆ ಸಾಲಾಗಿ ನಿಂತು, ಫೋಟೋಕ್ಕೆಂದು ಹೆಲ್ಮೆಟ್ ತೆಗೆದರು. ಇಂಚರಾ ಮೌತ್‌ಗಾರ್ಡನ್ನೂ ತೆಗೆದು ಗ್ಲವ್‌ನೊಳಗೆ ಹಾಕಿಕೊಂಡಳು. ಪಕ್ಕದಲ್ಲಿದ್ದವಳು ಅವಳ ಗೆಳತಿ ಮ್ಯಾಡಿ, ಇಬ್ಬರೂ ಒಟ್ಟಿಗೆ ಹಿಂದೆ ನಿಂತು ಆಡುವವರು. ಫೋಟೋ ತೆಗೆದಾಯಿತು. ಮ್ಯಾಡಿ ಖುಷಿಗೆ ಕೋಲು ಮೇಲಕ್ಕೆ ಎತ್ತಿದಳು, ಅಷ್ಟೆ. ಕೋಲಿನ ಹಿಡಿ ಇಂಚರಾಳ ಬಾಯಿಗೆ ಬಡಿಯಿತು.

ನಾನು ಹೇಗೆ ಐಸಿನ ಮೇಲೆ ಹೋದೆನೋ ಗೊತ್ತಿಲ್ಲ. ಬೂಟು ಜಾರಿ ಎರಡು ಸಲ ಬಿದ್ದೆನೆಂದು ಮಂಜು ಆಮೇಲೆ ಹೇಳಿದರು. ಮಗಳ ಬಾಯಿ ತುಂಬ ರಕ್ತ. ಮೇಲಿನ ಬಾಚಿಹಲ್ಲು ಒಂದು ಇರಲಿಲ್ಲ. ಬೇರು ಸಮೇತ ಹೋಗಿತ್ತು. ಇಪ್ಪತ್ತು ವರ್ಷ ನಾನು ಎಷ್ಟು ಜನರಿಗೆ ಹೇಳಿದ್ದೇನೆ, ಹಲ್ಲು ಬಿದ್ದರೆ ಅರ್ಧ ಗಂಟೆಯೊಳಗೆ ಹೀಗೆ ಮಾಡಿ, ಹಾಗೆ ಮಾಡಿ ಎಂದು. ನನ್ನ ಕ್ಲಿನಿಕ್ಕಿನ ಗೋಡೆಯ ಮೇಲೆ ಅದರ ಚಿತ್ರಪಟವೇ ಇದೆ. ಅದರಲ್ಲಿ ಒಂದು ಅಕ್ಷರವೂ ನನಗೆ ನೆನಪಾಗಲಿಲ್ಲ. ಮಗಳನ್ನು ತಬ್ಬಿಕೊಂಡು “ಅಯ್ಯೋ ಚಿನ್ನ, ಅಯ್ಯೋ ಚಿನ್ನ” ಎನ್ನುತ್ತಿದ್ದೆ.

ಲಾಯ್ಡ್ ಆ ಕೆಟ್ಟ ಮೊಣಕಾಲನ್ನು ಊರಿ ಐಸಿನ ಮೇಲೆ ಅಂಬೆಗಾಲಿಡುತ್ತಿದ್ದರು. ಬಿಳಿ ಐಸು, ಸ್ಕೇಟು ಹೆರೆದ ಬಿಳಿ ಪುಡಿ, ಅದರಲ್ಲಿ ಒಂದು ಬಿಳಿ ಹಲ್ಲು. ಅಂಗೈ ಸವರುತ್ತ ಸವರುತ್ತ ಹೋದವರು ಒಂದು ಕಡೆ ನಿಂತರು. ನನ್ನ ಹತ್ತಿರ ಬಂದು ಕೂತರು.

“ಡಾಕ್ಟರ್, ಸಿಕ್ಕಿತು. ಇದನ್ನ ಹೇಗೆ ಹಿಡೀಬೇಕು?”

ನಾನು ಮಗಳ ತಲೆಯನ್ನು ಎದೆಗೆ ಒತ್ತಿಕೊಂಡೆ.

“ಬೇರಿನ ಕಡೆ ಹಿಡೀಬಹುದಾ?”

“ಬೇಡ,” ಎಂದಿತು ನನ್ನ ಬಾಯಿ. “ಬೇರು ಮುಟ್ಟಬೇಡಿ. ಕಚ್ಚೋ ಕಡೆ ಹಿಡೀರಿ.”

“ಸರಿ. ಟವೆಲಲ್ಲಿ ಒರೆಸಲಾ?”

“ಒರೆಸಬಾರದು. ಹಾಲು. ಹಾಲು ಬೇಕು. ಮಂಜು, ತಿಂಡಿ ಸ್ಟಾಲಲ್ಲಿ ತಣ್ಣನೆ ಹಾಲು ಕೇಳಿ.”

“ಹಾಲಲ್ಲಿ ಇಟ್ಕೊಂಡು ನಿಮ್ಮ ಕ್ಲಿನಿಕ್ಕಿಗೆ ಹೋಗಬೇಕಾ, ಇಲ್ಲೇನಾದರೂ ಮಾಡಬಹುದಾ?”

ಅಷ್ಟರಲ್ಲಿ ನನಗೆ ನನ್ನ ಕೈಗಳು ವಾಪಸ್ ಸಿಕ್ಕಿದ್ದವು. ಹಲ್ಲನ್ನು ಹಾಲಿನಲ್ಲಿ ಅಲುಗಿಸಿ, ಬೆಂಚಿನ ಮೇಲೆ ಮಗಳನ್ನು ಮಲಗಿಸಿಕೊಂಡು, ಅದರ ಜಾಗದಲ್ಲೇ ಒತ್ತಿ ಕೂರಿಸಿದೆ. ಇಂಚರಾ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು, ಎಳೆಯಲಿಲ್ಲ. ಮಡಿಸಿದ ಕರವಸ್ತ್ರವನ್ನು ಕಚ್ಚಿಸಿ ಕಾರಿನಲ್ಲಿ ಕ್ಲಿನಿಕ್ಕಿಗೆ ಕರೆದೊಯ್ದು, ಅಕ್ಕಪಕ್ಕದ ಹಲ್ಲಿಗೆ ಸಣ್ಣ ತಂತಿಯಿಂದ ಬಿಗಿದೆ. ಹಿಂದಿನ ಸೀಟಿನಲ್ಲಿ ಅಮ್ಮ ದಾರಿಯುದ್ದಕ್ಕೂ ಮೊಮ್ಮಗಳ ಪಾದ ಉಜ್ಜುತ್ತಿದ್ದಳು. ಪೆಟ್ಟಾದದ್ದು ಬಾಯಿಗೆ ಎಂದರೂ ಕೇಳಲಿಲ್ಲ.

ಸೋಮವಾರ ಲಾಯ್ಡ್ ಕ್ಲಿನಿಕ್ಕಿಗೆ ಬಂದರು. ಅಪಾಯಿಂಟ್‌ಮೆಂಟ್ ಇರಲಿಲ್ಲ. ಇಂಚರಾ ಹೇಗಿದ್ದಾಳೆ ಎಂದು ಕೇಳಿದರು. ಹಲ್ಲು ಬಿಗಿಯಾಗಿದೆ, ಉಳಿಯಬಹುದು ಎಂದೆ. ಆಮೇಲೆ, ಇಷ್ಟು ದಿನ ಕಲಿಸಿದ್ದಕ್ಕೆ ಧನ್ಯವಾದ, ಇನ್ನು ಅವಳು ಆಡುವುದು ಬೇಡವೆಂದು ತೀರ್ಮಾನಿಸಿದ್ದೇನೆ ಎಂದೆ. ನಾನು ತೀರ್ಮಾನಿಸಿದ್ದು ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಅವರು ವಾದಿಸಲಿಲ್ಲ. “ನೀವು ಅವಳ ತಾಯಿ” ಎಂದಷ್ಟೇ ಹೇಳಿದರು. ಬಾಗಿಲವರೆಗೂ ಹೋದವರನ್ನು ನಾನೇ ತಡೆದು ಕೇಳಿದೆ, “ಅವತ್ತು ನೀವು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ನಿಮಗೆ ಗೊತ್ತಿತ್ತು, ಅಲ್ವಾ?”

“ಗೊತ್ತಿತ್ತು. ನನ್ನ ಎರಡನೇ ಹಲ್ಲನ್ನ ವಾಪಸ್ ಕೂರಿಸಿದ್ದರು. ನಿಲ್ಲಲಿಲ್ಲ. ಯಾರೋ ಪುಣ್ಯಾತ್ಮ ಅದನ್ನ ಟವೆಲಲ್ಲಿ ಚೆನ್ನಾಗಿ ಉಜ್ಜಿ ಕೊಟ್ಟಿದ್ದ.” ಟೋಪಿಯನ್ನು ಕೈಯಲ್ಲಿ ತಿರುಗಿಸಿದರು. “ನಾನು ಬಂದದ್ದು ಇಂಚ್ ವಿಷಯಕ್ಕಲ್ಲ ಡಾಕ್ಟರ್. ಮ್ಯಾಡಿ ವಿಷಯಕ್ಕೆ. ಆ ಮಗು ಕೋಣೆ ಬಿಟ್ಟು ಹೊರಗೆ ಬರ್ತಿಲ್ಲವಂತೆ. ಸ್ಕೂಲಿಗೂ ಹೋಗಿಲ್ಲ. ಕೋಲನ್ನ ಗ್ಯಾರೇಜಲ್ಲಿ ಹಾಕಿದ್ದಾಳಂತೆ.”

ಆಗ ಅವರು ರೋಗಿಯ ಕುರ್ಚಿಯಲ್ಲಿ ಕೂತು, ಐದು ಭೇಟಿಗಳಲ್ಲಿ ಹೇಳದೆ ಬಿಟ್ಟ ಒಂದು ಸಂಗತಿಯನ್ನು ಹೇಳಿದರು.

ದೊಡ್ಡ ಲೀಗಿನಲ್ಲಿ ಅವರ ನಾಲ್ಕನೆಯ ವರ್ಷ. ಸೋತವರು ಮನೆಗೆ ಹೋಗುವ ಪಂದ್ಯ. ಸಮ ಸಮ ಆಗಿ ಹೆಚ್ಚುವರಿ ಸಮಯ ನಡೆಯುತ್ತಿತ್ತು. ಎದುರಾಳಿಯೊಬ್ಬ ಎಡಗಡೆಯಿಂದ ಬಂದು, ಗೋಲಿನ ಮುಂದೆ ನಿಂತ ಇನ್ನೊಬ್ಬನಿಗೆ ಪಕ್ ತಳ್ಳಿದ. ಲಾಯ್ಡ್ ಅವನ ಹೊಟ್ಟೆ ನೋಡಿದ್ದರು, ಎಲ್ಲಿಗೆ ತಳ್ಳುತ್ತಾನೆಂದು ಗೊತ್ತಿತ್ತು, ಸರಿಯಾದ ಜಾಗಕ್ಕೇ ಕೋಲು ಚಾಚಿದರು. ಪಕ್ ಆ ಕೋಲಿಗೆ ತಾಗಿ, ದಿಕ್ಕು ಬದಲಿಸಿ, ತಮ್ಮದೇ ಗೋಲಿನೊಳಗೆ ಹೋಯಿತು. ಇಡೀ ತಂಡದ ಒಂದು ವರ್ಷದ ದುಡಿಮೆ ಅಲ್ಲಿಗೆ ಮುಗಿಯಿತು.

“ಇವತ್ತಿಗೂ ಅಂಗಡಿಯಲ್ಲಿ ಜನ ಗುರುತು ಹಿಡಿದರೆ ಅದಕ್ಕೇ ಹಿಡಿಯೋದು. ನೀವೇ ಅಲ್ವಾ ಅವತ್ತು, ಅಂತಾರೆ. ನಾನೇ ಅಂತೀನಿ.”

“ಏನು ಮಾಡಿದಿರಿ ಆವಾಗ?”

“ಹೋಟೆಲ್ ರೂಮಲ್ಲಿ ಬಾಗಿಲು ಹಾಕ್ಕೊಂಡು ಕೂತೆ. ಡೋರೀನ್ ಫೋನೂ ತಗೊಳ್ಳಲಿಲ್ಲ. ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆಗೆದರೆ ನಮ್ಮ ಗೋಲ್‌ಕೀಪರ್. ಆ ಗೋಲು ಹೋಗಿದ್ದು ಅವನ ಕಾಲ ಕೆಳಗೆ. ಬೈಯೋ ಹಕ್ಕು ಯಾರಿಗಾದ್ರೂ ಇದ್ದರೆ ಅವನಿಗೆ. ಅವನು, ‘ಹಸಿವಾಗ್ತಿದೆ, ತಿಂಡಿಗೆ ಬಾ’ ಅಂದ. ಹೋದೆ. ಮೊಟ್ಟೆ ತಿಂದ್ವಿ. ಅವನು ತನ್ನ ನಾಯಿಗೆ ಹುಷಾರಿಲ್ಲ ಅಂತ ಒಂದು ಗಂಟೆ ಹೇಳಿದ. ಪಂದ್ಯದ ಮಾತೇ ಎತ್ತಲಿಲ್ಲ. ಆಮೇಲೆ ನಾನು ಎರಡು ವರ್ಷ ಆಡಿದೆ ಡಾಕ್ಟರ್. ಅವತ್ತು ಅವನು ಬರದೇ ಇದ್ದಿದ್ದರೆ ನಾನು ಮತ್ತೆ ಸ್ಕೇಟು ಕಟ್ಟುತ್ತಿರಲಿಲ್ಲ.”

ಅವರು ಎದ್ದು ನಿಂತರು. ಮುಂದಿನದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆದರೂ ನಾನು ಎರಡು ದಿನ ಸುಮ್ಮನಿದ್ದೆ. ನನ್ನ ಮಗಳ ಹಲ್ಲು ಉದುರಿಸಿದವಳ ಮನೆಗೆ ನಾವೇ ಏಕೆ ಹೋಗಬೇಕು ಎಂಬ ಹಟ ನನಗಿತ್ತು. ಅದು ಆ ಹುಡುಗಿಯ ತಪ್ಪಲ್ಲವೆಂದು ಗೊತ್ತಿತ್ತು, ಹಟವೂ ಇತ್ತು. ಬುಧವಾರ ಸಂಜೆ ವಿಷಯವನ್ನು ಅಮ್ಮನಿಗೆ ಹೇಳಿದೆ. ಅಮ್ಮ ಒಲೆಯ ಮುಂದಿನಿಂದ ತಿರುಗದೆ, “ಆ ಮಗಾ ಏನು ತಿನ್ನುತ್ತೆ?” ಎಂದಳು.

“ಅದೇನು ತಿನ್ನುತ್ತೋ ನನಗೇನು ಗೊತ್ತಮ್ಮ.”

“ಹಂಗಾರೆ ಸಿಹಿ ಮಾಡ್ತೀನಿ. ಖಾರ ಬ್ಯಾಡ. ಅಳೋ ಮಕ್ಕಳು ಖಾರ ತಿನ್ನಲ್ಲ.”

ಗುರುವಾರ ನಾವು ಮೂವರು ಕೇಸರಿಬಾತಿನ ಡಬ್ಬಿ ಹಿಡಿದು ಮ್ಯಾಡಿಯ ಮನೆಗೆ ಹೋದೆವು. ಅವಳ ತಾಯಿ ಬಾಗಿಲು ತೆಗೆದು, ನಮ್ಮನ್ನು ನೋಡಿ ಕಣ್ಣೊರೆಸಿಕೊಂಡರು. ಇಂಚರಾ ಸೀದಾ ಮಹಡಿ ಹತ್ತಿ ಹೋದಳು. ಕೆಳಗೆ ನಾವು ಕೂತು ಹವೆಯ ಬಗ್ಗೆ ಮಾತಾಡಿದೆವು. ಮೇಲೆ ಏನೂ ಕೇಳಿಸಲಿಲ್ಲ. ಆಮೇಲೆ ಇಂಚರಾಳ ತೊದಲು ದನಿ ಮೆಟ್ಟಿಲ ಮೇಲಿಂದ ಬಂತು.

“ಯೂ ಕ್ಯಾನ್ ಟಚ್ ದಿ ವೈರ್. ಇಟ್ಸ್ ಸೋ ಗ್ರೋಸ್.”

ಅಸಹ್ಯವಾಗಿರುವ ತಂತಿಯನ್ನು ಮುಟ್ಟಿ ನೋಡೆಂದು ಆಹ್ವಾನ. ಆಮೇಲೆ ಇಬ್ಬರೂ ನಗುವುದು ಕೇಳಿಸಿತು. ತಂತಿ ಮುಟ್ಟಬಾರದು ಎಂದು ಕೂಗಲು ನಾನು ಬಾಯಿ ತೆರೆದೆ. ಅಮ್ಮ ನನ್ನ ತೊಡೆ ಚಿವುಟಿದಳು.

ಕಾರಿನಲ್ಲಿ ವಾಪಸ್ ಬರುವಾಗ ಇಂಚರಾ ಹೇಳಿದಳು, “ಮಾಮ್, ಐ ಟೋಲ್ಡ್ ಹರ್ ಐಯಾಮ್ ಕಮಿಂಗ್ ಬ್ಯಾಕ್. ಅದರ್‌ವೈಸ್ ಶೀ ವೋಂಟ್.” ಆಮೇಲೆ ಅಜ್ಜಿಗೂ ಅರ್ಥವಾಗಲೆಂದು ತನ್ನ ಕನ್ನಡದಲ್ಲಿ, “ಅವಳು ಬರಬೇಕು ಅಂದ್ರೆ ನಾನು ಬರಬೇಕು” ಎಂದಳು. ನನ್ನ ತೀರ್ಮಾನ ಇನ್ನೂ ನನ್ನ ಬಾಯೊಳಗೇ ಇತ್ತು. ಹಾಗೆಯೇ ನುಂಗಿಕೊಂಡೆ.

ತಂತಿ ತೆಗೆದು, ಬೇರಿನ ಚಿಕಿತ್ಸೆ ಮುಗಿಸಿ, ನನ್ನ ಕಸುಬಿನ ಇನ್ನೊಬ್ಬ ಡಾಕ್ಟರರನ್ನೂ ಕೇಳಿ, ಎಲ್ಲವೂ ಸರಿಯಿದೆ ಎಂದು ಖಾತ್ರಿಯಾಗುವಷ್ಟರಲ್ಲಿ ಫೆಬ್ರವರಿಯ ಕೊನೆ ಬಂದಿತ್ತು. ಅಮ್ಮ ಊರಿಗೆ ಹೊರಡಲು ಒಂದು ವಾರವಿತ್ತು. ಆ ಶನಿವಾರ ಇಬ್ಬರು ಹುಡುಗಿಯರೂ ಐಸಿನ ಮೇಲಿಳಿದರು. ನಾನು ಗಾಜಿನ ಈಚೆ ಮೊದಲ ಸಾಲಿನಲ್ಲಿ, ಕೈಚೀಲದಲ್ಲಿ ಹಾಲಿನ ಬಾಟಲಿ ಇಟ್ಟುಕೊಂಡು ಕೂತಿದ್ದೆ. ಆಟ ಮುಗಿಯುವ ಹೊತ್ತಿಗೆ ಎದುರು ತಂಡದ ಉದ್ದನೆಯ ಹುಡುಗಿಯೊಬ್ಬಳು ಎಲ್ಲರನ್ನೂ ತಪ್ಪಿಸಿ ನುಗ್ಗಿ ಬಂದಳು. ಅವಳಿಗೂ ಗೋಲಿಗೂ ನಡುವೆ ಉಳಿದವಳು ನನ್ನ ಮಗಳೊಬ್ಬಳೇ. ಆ ಹುಡುಗಿ ಬಲಕ್ಕೆ ತಿರುಗುವ ಹಾಗೆ ಮಾಡಿದಳು. ಇಂಚರಾ ಅಲುಗಲಿಲ್ಲ. ಆ ಹುಡುಗಿ ಎಡಕ್ಕೆ ಬಂದಳು, ಹೊಡೆದಳು. ಇಂಚರಾ ಕಾಲು ಮಡಚಿ ಉದ್ದಕ್ಕೆ ಬಿದ್ದಳು. ಪಕ್ ಅವಳ ಮೊಣಕಾಲಿನ ಪ್ಯಾಡಿಗೆ ಬಡಿದು ಮೂಲೆಗೆ ಹೋಯಿತು. ಮ್ಯಾಡಿ ಅದನ್ನು ಹಿಡಿದು ದೂರ ತಳ್ಳಿದಳು.

ಸುತ್ತ ಕೂತಿದ್ದ ತಂದೆತಾಯಿಯರು ಫೋನ್ ನೋಡುತ್ತಿದ್ದರು. ಬೆಂಚಿನ ಹತ್ತಿರ ಲಾಯ್ಡ್ ಮಾತ್ರ ಕೋಲು ತೆಗೆದುಕೊಂಡು ಮರದ ಅಡ್ಡಗೋಡೆಗೆ ದಬದಬ ಕುಟ್ಟುತ್ತಿದ್ದರು. ಬಾಯಲ್ಲಿ ಹಲ್ಲಿರಲಿಲ್ಲ. ಅಮ್ಮ ನೋಡುತ್ತಿದ್ದಾಳೆಂಬುದೂ ಅವರಿಗೆ ಮರೆತಿತ್ತು.

“ಏನಾತೇ?” ಎಂದಳು ಅಮ್ಮ. “ನಮ್ಮ ಹುಡುಗಿ ಗೋಲ್ ಹೊಡದ್ಲಾ?”

“ಇಲ್ಲಮ್ಮ.”

“ಮತ್ತೆ ಲಾಡಪ್ಪ ಯಾಕೆ ಹಂಗೆ ಕುಟ್ತಾ ಅವ್ನೆ? ಏನಾತು ಹೇಳು.”

“ಏನೂ ಆಗಲಿಲ್ಲಮ್ಮ,” ಎಂದೆ. “ಅದಕ್ಕೇ ಕುಟ್ತಿದ್ದಾರೆ.”

ಅಮ್ಮ ಐಸಿನ ಕಡೆ ನೋಡಿದಳು. ಇಂಚರಾ ಎದ್ದು, ಪ್ಯಾಡಿನ ಮೇಲಿನ ಐಸು ಕೊಡವಿಕೊಂಡು ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದಳು. ಅಮ್ಮ ಶಾಲಿನೊಳಗಿಂದ ಎರಡೂ ಕೈ ಹೊರಗೆ ತೆಗೆದು, ಮುಂದಿದ್ದ ಗಾಜನ್ನು ಬಡಿಯತೊಡಗಿದಳು.